ಗೋವಿನಜೋಳಕ್ಕೂ ಕಬ್ಬಿನ ಕಾನೂನು ತನ್ನಿ: ಕೇಂದ್ರ ಆಹಾರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ ನಮಸ್ಕಾರ.

ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಮಾಡಲು ಒಯ್ಯುವ ಗೋವಿನಜೋಳಕ್ಕೂ (ಮೆಕ್ಕೆಜೋಳ) ಕಬ್ಬಿನ ಹಾಗೆ ದರದ ಕಾನೂನು ಕೇಳಲು ಈ ಪತ್ರ. ನಾನು ಎಥೆನಾಲ್ ವಿರೋಧಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪತ್ರ ಅರ್ಧ ಓದುವಷ್ಟರಲ್ಲೇ ‘ಇವರಿಗೆ ಅಭಿವೃದ್ಧಿ ಬೇಡ’ ಅಂತ ಯಾರಾದರೂ ಷರಾ ಬರೆದುಬಿಡುತ್ತಾರೆ.

ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು. 2025ರಲ್ಲೇ ಮುಟ್ಟಿದಿರಿ. ಕಬ್ಬು ಒಂದನ್ನೇ ನಂಬಿದ್ದರೆ ಇದು ಆಗುತ್ತಿರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕಡಿಮೆ ಬಿದ್ದೀತು ಅಂತ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಆಗ ಗೋವಿನಜೋಳಕ್ಕೆ ಬೇಡಿಕೆ ಬಂತು. ಎಷ್ಟು ಅಂದರೆ, ಹೊರಗೆ ಕಳಿಸುತ್ತಿದ್ದ ದೇಶಕ್ಕೆ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಗೋವಿನಜೋಳ ಬಂತು. ಕೋಳಿ ಫಾರಂನವರು ಮೇವಿನ ರೇಟು ನೋಡಿ ಬಾಯಿ ಬಾಯಿ ಬಡಿದುಕೊಂಡರು.

ಕಾರ್ಖಾನೆಗೆ ಮಾಲು ಬೇಕೇ ಬೇಕು ಅಂದ ಮೇಲೆ ರೈತ ಬಿತ್ತದೇ ಇರುತ್ತಾನಾ? ಬಿತ್ತಿದೆವು. 2025ರ ನವೆಂಬರ್‌ನಲ್ಲಿ ರಾಶಿ ಮಾಡಿ ಮಾರ್ಕೆಟ್‌ಗೆ ಒಯ್ದರೆ ರಾಜ್ಯದಲ್ಲಿ ಕ್ವಿಂಟಲ್‌ಗೆ 1,600ರಿಂದ 1,800 ರೂಪಾಯಿ ನಡೆದಿತ್ತು. ಆ ವರ್ಷದ ನಿಮ್ಮ ಬೆಂಬಲ ಬೆಲೆ 2,400.

ಈಗ ಒಂದು ಲೆಕ್ಕ. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಗೋವಿನಜೋಳದ ಎಥೆನಾಲ್‌ಗೆ ಸರ್ಕಾರ ಗೊತ್ತು ಮಾಡಿದ ದರ ಲೀಟರ್‌ಗೆ 71 ರೂಪಾಯಿ 86 ಪೈಸೆ. ಅಂದರೆ ಟನ್‌ಗೆ 27,300 ರೂಪಾಯಿ ಆಸುಪಾಸು. ಜತೆಗೆ ಉಳಿದ ಹಿಂಡಿ ಮಾರಿದ ದುಡ್ಡು ಬೇರೆ. ಉರುವಲು, ಕೂಲಿ, ಬ್ಯಾಂಕಿನ ಬಡ್ಡಿ ಅಂತ ಡಿಸ್ಟಿಲರಿ (ಎಥೆನಾಲ್ ಕಾರ್ಖಾನೆ) ಯವರಿಗೂ ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಬೆಂಬಲ ಬೆಲೆಗೆ ಕೊಂಡರೆ ಕಚ್ಚಾ ಮಾಲಿಗೇ 24,000 ಹೋಗುತ್ತದೆ, ಕೈ ಬಿಗಿಯಾಗುತ್ತದೆ. ಆದರೆ 17,000ಕ್ಕೆ ಕೊಂಡಾಗ ಉಳಿದ 7,000 ಯಾರದು? ಅವರ ಮಾಲಿನ ದರ ಒಂದು ಪೈಸೆ ಇಳಿಯಲಿಲ್ಲ. ಇಳಿದದ್ದು ನಮ್ಮದು ಮಾತ್ರ.

ರೇಟು ಸುಮ್ನೆ ಬೀಳಲಿಲ್ಲ. ಬೆಳೆ ಜಾಸ್ತಿ ಬಂತು, ನಿಜ. ಆದರೆ ಧಾನ್ಯದ ಡಿಸ್ಟಿಲರಿಗೆ ಗೋವಿನಜೋಳವೂ ನಡೆಯುತ್ತದೆ, ಅಕ್ಕಿಯೂ ನಡೆಯುತ್ತದೆ. 2025ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲ್‌ಗೆ ಕಿಲೋಗೆ 22 ರೂಪಾಯಿ 50 ಪೈಸೆಗೆ ಕೊಡಲು ಶುರು ಮಾಡಿದಿರಿ. ಆ ಅಕ್ಕಿ ಕೊಂಡು, ಸಾಗಿಸಿ, ಗೋದಾಮಿನಲ್ಲಿಡಲು ಸರ್ಕಾರಕ್ಕೇ 40 ರೂಪಾಯಿ ಹತ್ತಿರ ಬೀಳುತ್ತದೆ. ಅಕ್ಕಿ ಅಷ್ಟು ಸಸ್ತಾ ಸಿಕ್ಕರೆ ನಮ್ಮ ಗೋವಿನಜೋಳಕ್ಕೆ ಯಾರು ರೇಟು ಏರಿಸುತ್ತಾರೆ? (2023ರಲ್ಲಿ ಅನ್ನಭಾಗ್ಯಕ್ಕೆ 34 ರೂಪಾಯಿ ಕೊಡುತ್ತೇವೆ ಅಂದರೂ ಇದೇ ನಿಗಮದಿಂದ ರಾಜ್ಯಕ್ಕೆ ಅಕ್ಕಿ ಸಿಗಲಿಲ್ಲ. ಆ ವರ್ಷ ಮಳೆ ಕಡಿಮೆಯಿತ್ತು ಅನ್ನುವುದನ್ನೂ ಒಪ್ಪುತ್ತೇನೆ.)

ಏಟು ನಮ್ಮ ಹೊಲಕ್ಕಷ್ಟೇ ನಿಲ್ಲಲಿಲ್ಲ. ಎಥೆನಾಲ್ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಕೋಳಿ, ದನಗಳ ಮೇವಿಗೆ ಮಾರುತ್ತಾರೆ. ಅದು ಸಸ್ತಾ. ಹಾಗಾಗಿ ಸೋಯಾ ಹಿಂಡಿಗೆ ಗಿರಾಕಿ ಕಡಿಮೆಯಾಯಿತು. ಬೈಲಹೊಂಗಲದ ಕಡೆಯ ಸೋಯಾ ರೈತರನ್ನು ಕೇಳಿ ನೋಡಿ. ಗೋವಿನಜೋಳ ಬಿತ್ತದವರಿಗೂ ಎಥೆನಾಲಿನ ಬಿಸಿ ತಟ್ಟಿದೆ.

ಇನ್ನು ಬಿಳಿಜೋಳ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಅಂತ ಡೋಣಿ ಹೊಳೆ ದಂಡೆಯ ಹೊಲಗಳ ಬಗ್ಗೆ ನಮ್ಮ ಕಡೆ ಹಿರಿಯರ ಮಾತು, ನಿಮಗೂ ಗೊತ್ತಿರುತ್ತದೆ. ಎರೆ ಹೊಲದಲ್ಲಿ ಉಳಿದ ಹಸಿಯ ಮೇಲೆಯೇ ಹಿಂಗಾರಿ ಜೋಳ ಬೆಳೆಯುತ್ತದೆ. ನಮಗೆ ರೊಟ್ಟಿ, ದನಕ್ಕೆ ಕಣಿಕೆ. ಆಲಮಟ್ಟಿ ನೀರು, ಮುಳವಾಡ ಏತ ನೀರಾವರಿ ಬಂದ ಮೇಲೆ ನೀರು ಸಿಕ್ಕವರು ಕಬ್ಬು ಹಚ್ಚಿದರು. ಅವರ ತಪ್ಪಲ್ಲ. ಕಬ್ಬಿಗೆ ಕೊಳ್ಳುವವರು ಗ್ಯಾರಂಟಿ, ಜೋಳಕ್ಕೆ ಇಲ್ಲ. 2025-26ರಲ್ಲಿ ಮಾಡಿದ ಹಾಗೆ ಮಾಲ್ದಂಡಿಗೆ (ಬಿಳಿಜೋಳದ ತಳಿ) ಕ್ವಿಂಟಲ್‌ಗೆ 3,749 ರೂಪಾಯಿ ಬೆಂಬಲ ಬೆಲೆ ಬರೆದರೆ ಸಾಲದು, ಸುಗ್ಗಿಯ ಹೊತ್ತಿಗೇ ಖರೀದಿ ಕೇಂದ್ರ ತೆರೆದಿರಬೇಕು ಅಲ್ವಾ?

ನಾನು ಕೇಳುವುದು ಮುಖ್ಯವಾಗಿ ಒಂದೇ. ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ಶೇ 15 ಬಡ್ಡಿ. ಅಷ್ಟಿದ್ದೂ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲೇ ಕೂತರು. ಆದರೆ ಕೈಯಲ್ಲಿ ಹಿಡಿದು ಕೇಳಲು ಅವರಿಗೆ ಒಂದು ಕಾಗದವಾದರೂ ಇತ್ತು. ಗೋವಿನಜೋಳದವರಿಗೆ ಏನಿದೆ? ಅಡತಿ ಅಂಗಡಿಯ ಚೀಟಿ. ಅಲ್ಲಿಂದ ಮಾಲು ಯಾವ ಡಿಸ್ಟಿಲರಿಗೆ, ಯಾವ ರೇಟಿಗೆ ಹೋಯಿತು ಅನ್ನುವುದೂ ನಮಗೆ ತಿಳಿಯುವುದಿಲ್ಲ.

ಡಿಸ್ಟಿಲರಿ ಕಟ್ಟಲು ಸಾಲ ಮಾಡಿದವರಿಗೆ ನಿಮ್ಮ ಇಲಾಖೆಯೇ ಬಡ್ಡಿ ಸಹಾಯಧನ ಕೊಟ್ಟಿದೆ. ಅಂದ ಮೇಲೆ ಷರತ್ತು ಹಾಕುವ ಹಕ್ಕೂ ನಿಮಗಿದೆ. ಬೆಂಬಲ ಬೆಲೆಗಿಂತ ಕಡಿಮೆಯಾಗದಂತೆ ಕೊಂಡು, ದುಡ್ಡು ರೈತನ ಖಾತೆಗೇ ಹಾಕಿದ ದಾಖಲೆ ತೋರಿಸಿದವರಿಗೆ ಮಾತ್ರ 71 ರೂಪಾಯಿ 86 ಪೈಸೆ ದರ ಸಿಗಲಿ. ನಮ್ಮ ಮಾಲು ಮಾರ್ಕೆಟ್‌ಗೆ ಬರುವ ತಿಂಗಳುಗಳಲ್ಲಿ ಎಥೆನಾಲ್‌ಗೆ ಅಕ್ಕಿ ಬಿಡುವುದನ್ನು ನಿಲ್ಲಿಸಿ.

ಎಥೆನಾಲ್ ವರ್ಷ ಶುರುವಾಗುವುದು ನವೆಂಬರ್‌ನಲ್ಲಿ. ನಮ್ಮ ರಾಶಿಯೂ ಆಗಲೇ. ಬಿತ್ತನೆ ಮಾತ್ರ ಜೂನ್‌ನಲ್ಲಿ. ಆದೇಶ ಬಿತ್ತನೆಗೆ ಮೊದಲು ಬರಲಿ, ರಾಶಿ ಆದ ಮೇಲೆ ಬೇಡ.

ಇಂತಿ,
ಒಬ್ಬ ರೈತ
ಬಸವನ ಬಾಗೇವಾಡಿ ತಾಲ್ಲೂಕು, ವಿಜಯಪುರ ಜಿಲ್ಲೆ