ಹಕ್ಕಿಗಳು ಮುಟ್ಟಿವೆ, ಅಪ್ಪ

ನ್ಯೂಕ್ಯಾಸಲ್, ದಕ್ಷಿಣ ಆಫ್ರಿಕಾ
ಜನವರಿ 18

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಕ್ಕ, ಭಾವ, ಪುಟ್ಟಿ ಎಲ್ಲರಿಗೂ ನೆನಪುಗಳು.

ಅಕ್ಕನ ಪತ್ರ ಮೊನ್ನೆ ಕೈಸೇರಿತು. ಮೂರು ಕಡೆ ರಕ್ತನಾಳ ಕಟ್ಟಿದೆ, ಬೈಪಾಸ್ ತಡಮಾಡಬಾರದು ಎಂದು ಪುಣೆಯ ಡಾಕ್ಟರು ಹೇಳಿದರೂ ನೀವು "ಬಿಳಿಜೋಳದ ರಾಶಿ ಮುಗಿಯಲಿ" ಎಂದು ಚೀಲ ತುಂಬಿಕೊಂಡು ಧಾರವಾಡದ ಬಸ್ಸಿಗೆ ಹೊರಟು ನಿಂತಿದ್ದಿರಂತೆ. ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಪತ್ರದ ಕೆಳಗೆ ನಿಮ್ಮ ಅಕ್ಷರದಲ್ಲಿ ಒಂದೇ ಸಾಲು ಇತ್ತು: "ಆ ಹಕ್ಕಿಗಳು ಅಲ್ಲಿಗೆ ಮುಟ್ಟಿದವೇನು?" ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮುಟ್ಟಿವೆ ಅಪ್ಪ. ಲೋಣಾವಳದಲ್ಲಿ ನಾವು ನೋಡಿದ ಅಮೂರ್ ಫಾಲ್ಕನ್‌ಗಳೇ ಇವು. ನಮ್ಮ ಕಡೆ ಡೇಗೆ ಎನ್ನುತ್ತೇವಲ್ಲ, ಅದೇ ಕುಲದವು. ನಮ್ಮ ಕ್ವಾರ್ಟರ್ಸಿನ ಹಿಂದೆ ಎತ್ತರದ ನೀಲಗಿರಿ ಮರಗಳ ಸಾಲಿದೆ. ಸಂಜೆ ಆರೂವರೆಗೆ ಮೊದಲು ನಾಲ್ಕೈದು ಬರುತ್ತವೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆಕಾಶದ ತುಂಬ ಅವೇ. ಲೆಸ್ಸರ್ ಕೆಸ್ಟ್ರೆಲ್ ಎಂಬ ಇನ್ನೊಂದು ಸಣ್ಣ ಡೇಗೆಯೂ ಅವುಗಳ ಜೊತೆ ಅದೇ ಮರದಲ್ಲಿ ಕೂರುತ್ತದೆ. ಅಮೂರ್ ಫಾಲ್ಕನ್‌ಗಳಲ್ಲಿ ಗಂಡು ಬೂದಿ ಬಣ್ಣ, ತೊಡೆಯ ಬಳಿ ಇಟ್ಟಿಗೆಗೆಂಪು. ರೆಕ್ಕೆ ಎತ್ತಿದಾಗ ಅಡಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆಗಳಿವೆ. ಎರಡಕ್ಕೂ ಕಿತ್ತಳೆಗೆಂಪಿನ ಕಾಲು. ತೂಕ 150 ಗ್ರಾಂ ಆಚೀಚೆ. ಬೇಟೆಯ ಹಕ್ಕಿಯಾದರೂ ಅದರ ಮುಖ್ಯ ಆಹಾರ ಹುಳುಹುಪ್ಪಟೆ.

ನಿನ್ನೆ ಬೆಳಿಗ್ಗೆ ಮರದ ಬುಡದಲ್ಲಿ ಬೆರಳ ಗೆಣ್ಣಿನಷ್ಟು ಒಣಗಿದ ಉಂಡೆಯೊಂದು ಸಿಕ್ಕಿತು. ಅರಗದ್ದನ್ನೆಲ್ಲ ಡೇಗೆಗಳು ಹೀಗೆ ಉಂಡೆ ಕಟ್ಟಿ ಕಕ್ಕುತ್ತವೆ. ಕಡ್ಡಿಯಿಂದ ಬಿಡಿಸಿದೆ. ಒಳಗೆ ಜೀರುಂಡೆಯ ಹೊಳೆಯುವ ಕವಚದ ಚೂರುಗಳು, ಮಿಡತೆಯ ಗರಗಸದಂಥ ಹಿಂಗಾಲು ಒಂದು. "ಮಿಡತೆ ತಿನ್ನುವ ಹಕ್ಕಿ ನಮ್ಮ ಎರಿ ಹೊಲಕ್ಕೂ ಬರಬೇಕು" ಎಂದು ನೀವು ಲೋಣಾವಳದಲ್ಲಿ ಹೇಳಿದ್ದು ಆಗ ಕಿವಿಯಲ್ಲೇ ಹೇಳಿದಂತಾಯಿತು.

ಅವು ಮೊಟ್ಟೆಯಿಡುವುದು ಸೈಬೀರಿಯಾದ ಆಗ್ನೇಯ ಭಾಗದಲ್ಲಿ, ಈಶಾನ್ಯ ಚೀನಾದಲ್ಲಿ, ಅಮೂರ್ ನದಿಯ ಬಯಲಿನಲ್ಲಿ. ಹೆಚ್ಚಾಗಿ ಕಾಗೆ ಜಾತಿಯ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲೇ ಸಂಸಾರ ಹೂಡುತ್ತವೆ. ಅಕ್ಟೋಬರಿನಲ್ಲಿ ನಾಗಾಲ್ಯಾಂಡ್, ಮಣಿಪುರಗಳಿಗೆ ಲಕ್ಷಗಟ್ಟಲೆ ಬಂದಿಳಿದು, ರೆಕ್ಕೆ ಬಂದ ಗೆದ್ದಲನ್ನು ತಿಂದು ಮೈ ತುಂಬಿಕೊಂಡು, ನವೆಂಬರಿನಲ್ಲಿ ಹೊರಡುತ್ತವೆ. ಆಮೇಲೆ ಇಡೀ ಹಿಂದೂಸ್ಥಾನ ದಾಟಿ ಅರಬ್ಬಿ ಸಮುದ್ರದ ಮೇಲೆ ಎರಡೂವರೆ ಮೂರು ಸಾವಿರ ಕಿಲೋಮೀಟರ್ ಹಾರಿ ಸೊಮಾಲಿಯಾ ಸೇರಬೇಕು. ನಡುವೆ ಕೂರಲು ಒಂದು ಕೊಂಬೆಯೂ ಇಲ್ಲ. ಅವುಗಳ ಬೆನ್ನಿಗೆ ಬೀಸುವುದು ಈಶಾನ್ಯದ ಗಾಳಿ, ನಮ್ಮ ಬಿಳಿಜೋಳ ಬಿತ್ತುವ ಹಿಂಗಾರಿನ ಗಾಳಿಯೇ! ಅದೇ ಹೊತ್ತಿಗೆ ಏರೋಪ್ಲೇನ್ ಚಿಟ್ಟೆಗಳೂ ಹಿಂಡುಹಿಂಡಾಗಿ ಸಮುದ್ರ ದಾಟುತ್ತವೆ, ದಾರಿಯಲ್ಲಿ ಅವನ್ನು ಹಿಡಿದು ತಿನ್ನುತ್ತಿರಬೇಕು ಎಂದು ತಿಳಿದವರು ಊಹಿಸುತ್ತಾರೆ. ಲೋಣಾವಳದ ಬಯಲಿನಲ್ಲಿ ಒಂದು ಹಕ್ಕಿ ಏರೋಪ್ಲೇನ್ ಚಿಟ್ಟೆಯನ್ನು ಕಾಲಿನಲ್ಲಿ ಹಿಡಿದು, ಹಾರುತ್ತಲೇ ಕತ್ತು ಬಗ್ಗಿಸಿ ತಿಂದದ್ದನ್ನು ನೀವೇ ನನಗೆ ತೋರಿಸಿದ್ದು.

ಇಲ್ಲಿ ಜೊತೆಗೆ ಕೆಲಸ ಮಾಡುವವನೊಬ್ಬ, "ನಿಮ್ಮ ದೇಶದಲ್ಲಿ ಇವನ್ನು ಬಲೆ ಹಾಕಿ ಕೊಲ್ಲುತ್ತಾರಲ್ಲವೇ?" ಎಂದ. ನನಗೆ ರೇಗಿತು. 2012ರಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಮೀನಿನ ಬಲೆ ಕಟ್ಟಿ ಲಕ್ಷಕ್ಕೂ ಮಿಕ್ಕಿ ಹಕ್ಕಿಗಳನ್ನು ಕೊಂದದ್ದು ನಿಜ. ಆದರೆ ಮರುವರ್ಷವೇ ಪಾಂಗ್ಟಿ ಊರಿನವರು, ಅಲ್ಲಿನ ಚರ್ಚಿನವರು, ಅರಣ್ಯ ಇಲಾಖೆಯವರು ಸೇರಿ ಆ ಬೇಟೆ ನಿಲ್ಲಿಸಿದರು. 2013ರ ನವೆಂಬರಿನಲ್ಲಿ ಅಲ್ಲಿಯೇ ಮೂರು ಹಕ್ಕಿಗಳ ಬೆನ್ನಿಗೆ 5 ಗ್ರಾಮಿನ ಟ್ರಾನ್ಸ್‌ಮಿಟರ್ ಕಟ್ಟಿ, ನಾಗಾ, ಪಾಂಗ್ಟಿ, ವೋಖಾ ಎಂದು ಹೆಸರಿಟ್ಟು ಬಿಟ್ಟರು. ಬೇಟೆಯಾಡಿದವರೇ ಇವತ್ತು ಕಾವಲು ಕಾಯುತ್ತಿದ್ದಾರೆ ಎಂದೆ. ಅವನು ಮರುಮಾತಾಡಲಿಲ್ಲ. ಒಳ್ಳೆಯವನೇ, ಮರುದಿನ ತನ್ನ ದುರ್ಬೀನು ತಂದುಕೊಟ್ಟ.

ಇಲ್ಲಿ ಈಗ ಬೇಸಿಗೆ, ಮಳೆಯೂ ಈಗಲೇ. ಎಲ್ಲೆಲ್ಲೂ ಗೋವಿನಜೋಳದ ಹೊಲ. ಅದರ ಬಿಳಿ ಹಿಟ್ಟನ್ನು ಮುದ್ದೆಯ ಹಾಗೆ ಗಟ್ಟಿಯಾಗಿ ತಿರುವಿ 'ಪಾಪ್' ಎಂದು ಉಣ್ಣುತ್ತಾರೆ. ಅವ್ವ ಕೊಟ್ಟ ಶೇಂಗಾ ಚಟ್ನಿ ಹಚ್ಚಿಕೊಂಡರೆ ನಮ್ಮ ಊಟವೇ. ಕರೆಂಟು ತೆಗೆಯುವುದಕ್ಕೆ ಇಲ್ಲಿಯೂ ಲೋಡ್ ಶೆಡ್ಡಿಂಗ್ ಎಂದೇ ಹೆಸರು. ನನಗೆ ಯಾವ ತೊಂದರೆಯೂ ಇಲ್ಲ, ಹೊಟ್ಟೆ ತುಂಬ ಉಣ್ಣುತ್ತೇನೆ, ಮನೆ ಗಟ್ಟಿಮುಟ್ಟಾಗಿದೆ, ರಾತ್ರಿ ಹೊರಗೆ ತಿರುಗುವುದಿಲ್ಲ, ಅವ್ವನಿಗೆ ಹೇಳಿ.

ಈಗ ನಿಮ್ಮ ಮಾತು. ಆ ದಿನ ಲೋಣಾವಳದಲ್ಲಿ ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನೀವು ಕಂಬಿ ಹಿಡಿದು ನಿಂತಿರಿ. ಘಾಟಿನ ಗಾಳಿ ಎಂದಿರಿ. ನಾನೂ ಹಕ್ಕಿ ನೋಡುವ ಸಂಭ್ರಮದಲ್ಲಿ ನಂಬಿದೆ. ನಿಮ್ಮ ಹಣೆಯ ಬೆವರು ನೋಡಿದ್ದರೂ ಕೇಳದೆ ಬಿಟ್ಟೆ. ಅದು ನನ್ನನ್ನು ಕಾಡುತ್ತಿದೆ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಭಾವನವರು ನಿಮಗೆ ಮೆತ್ತಗೆ ಮಾಡಿ ಹೇಳಿರುತ್ತಾರೆ. ನಾನು ಮೆತ್ತಗೆ ಹೇಳುವುದಿಲ್ಲ: ರಾಶಿಯವರೆಗೆ ಕಾಯುವ ಹಾಗಿಲ್ಲ. ಕನ್ನಡ ಸಂಘದಲ್ಲಿ ಅಕ್ಕನಿಗೆ ಪರಿಚಯವಾದ ವಿಜಯಪುರದ ಹಿರಿಯರು ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಈಗ ಪರ್ವತಿ ಗುಡ್ಡದ ಮೆಟ್ಟಿಲು ಹತ್ತುತ್ತಾರಂತೆ. ಅವರನ್ನು ಮನೆಗೆ ಕರೆಸಿ ಮಾತಾಡಿ.

ದುಡ್ಡಿನ ಚಿಂತೆ ಬೇಡವೇ ಬೇಡ, ಅಕ್ಕನ ಖಾತೆಗೆ ಹಾಕಿದ್ದೇನೆ, ಬೇಕಾದರೆ ಇನ್ನೂ ಇದೆ. ಎತ್ತು ಮಾರುವ ಮಾತು ಎತ್ತಬೇಡಿ. ಫೆಬ್ರವರಿ ಪೂರ್ತಿ ಇಲ್ಲಿ ಯಂತ್ರಗಳ ರಿಪೇರಿ, ಎಷ್ಟು ಬೇಡಿದರೂ ರಜೆ ಕೊಡಲಿಲ್ಲ. ಮಾರ್ಚ್ 1ರಿಂದ ಇಪ್ಪತ್ತು ದಿನ ಸಿಕ್ಕಿದೆ. ಪುಣೆಗೆ ಬಂದು ನಿಮ್ಮನ್ನು ನೋಡಿಕೊಂಡು ನೇರ ಹೊಲಕ್ಕೆ ಹೋಗುತ್ತೇನೆ. ಕೊಯ್ಲು, ರಾಶಿ ಎಲ್ಲ ನಾನು ಮತ್ತು ಬಸಣ್ಣ ಕಾಕಾ ಮಾಡುತ್ತೇವೆ. ಚೀಲ ಎಷ್ಟಾದವು ಎಂದು ದಿನವೂ ಅಕ್ಕನ ಫೋನಿಗೆ ಹೇಳುತ್ತೇನೆ. ಈ ಹಕ್ಕಿಗಳು ಇಲ್ಲಿಂದ ಹೊರಡುವುದು ಏಪ್ರಿಲ್ ಹೊತ್ತಿಗೆ, ಅವುಗಳಿಗಿಂತ ಮೊದಲು ನಾನು ಬಂದಿರುತ್ತೇನೆ.

ನಮ್ಮ ಕಚೇರಿಯವರೊಬ್ಬರು ಇಂದೇ ಮುಂಬೈಗೆ ಹೊರಟಿದ್ದಾರೆ, ಈ ಪತ್ರ ಅವರ ಕೈಯಲ್ಲಿ. ಕಾರು ಬಾಗಿಲಿಗೆ ಬಂದು ನಿಂತಿದೆ. ಆಪರೇಷನ್ನಿನ ಫೆಬ್ರವರಿ 3ರ ತಾರೀಖನ್ನು ಬದಲಿಸಬೇಡಿ. ಮಾತ್ರೆ ಬಿಡಬೇಡಿ. ಅವ್ವಾ, ಬಸ್ಸಿನ ಚೀಲ ಮೊದಲು ಬಿಚ್ಚಿಡು.

ನಿಮ್ಮ ಮಗ