ಮಗಳಿಗೊಂದು ಪತ್ರ: ತಪ್ಪು ಸಿಕ್ಕಿತು, ಸರಿ, ಆಮೇಲೆ?

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ನಿರ್ಲಕ್ಷ್ಯದ ಟಾರ್ಟ್ (ಎಚ್ಚರ ತಪ್ಪಿ ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಬಗ್ಗೆ ನೀನು ಬರೆದು ಕಳಿಸಿದ ಉತ್ತರ ಓದಿದೆ. ಪ್ರಶ್ನೆ ಇದು: ಕಲಿಯುತ್ತಿದ್ದ ಚಾಲಕನೊಬ್ಬನ ಕಾರು ಹೆಲ್ಮೆಟ್ ಇಲ್ಲದ ಸೈಕಲ್ ಹುಡುಗಿಗೆ ಗುದ್ದಿತು, ಆಸ್ಪತ್ರೆ ಅವಳನ್ನು ಸ್ಕ್ಯಾನ್ ಮಾಡದೆ ಮನೆಗೆ ಕಳಿಸಿತು, ಯಾರು ಪರಿಹಾರ ಕೊಡಬೇಕು? ಆರು ಪುಟದಲ್ಲಿ ನಾಲ್ಕನ್ನು ಆ ಬಸವನಹುಳುವೇ ತಿಂದುಹಾಕಿದೆ! ಜಿಂಜರ್ ಬಿಯರ್ ಬಾಟಲಿಯಲ್ಲಿ ಬಸವನಹುಳು ಇತ್ತೆಂಬ ದಾವೆಯ 1932ರ ಡೊನಹ್ಯೂ ತೀರ್ಪು ದೊಡ್ಡದು, ನಿಜ. ಅದರಲ್ಲಿ ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಹೇಳಿದ ‘ನೆರೆಯವರ’ ತತ್ವದ ಮೇಲೇ (ನಮ್ಮ ನಡತೆಯಿಂದ ಹಾನಿಯಾಗಬಹುದಾದವರ ಬಗ್ಗೆ ಎಚ್ಚರ ಇರಬೇಕು) ಈ ಕಾನೂನು ನಿಂತಿದೆ. (ಜಿಂಜರ್ ಬಿಯರ್ ಬಾಟಲಿಯಲ್ಲಿ ನಿಜಕ್ಕೂ ಹುಳು ಇತ್ತೋ ಇಲ್ಲವೋ ಅಂತ ಯಾವ ಕೋರ್ಟೂ ವಿಚಾರಣೆ ಮಾಡಿ ತೀರ್ಮಾನಿಸಲಿಲ್ಲ, ಗೊತ್ತಾ?) ಆದರೆ ನಿನ್ನ ಪ್ರಶ್ನೆಯಲ್ಲಿರುವುದು ಕಾರು, ಸೈಕಲ್ಲು, ಆಮೇಲೊಂದು ಆಸ್ಪತ್ರೆ. ರಸ್ತೆಯಲ್ಲಿ ಗಾಡಿ ಓಡಿಸುವವನಿಗೆ ಪಕ್ಕದವರ ಬಗ್ಗೆ ಎಚ್ಚರದ ಹೊಣೆ ಇದೆ, ವೈದ್ಯರಿಗೆ ರೋಗಿಯ ಬಗ್ಗೆ ಇದೆ. ಇದು ಎಂದೋ ಇತ್ಯರ್ಥವಾದ ಮಾತು. ಇಂಥ ಕಡೆ, ಎಚ್ಚರದ ಹೊಣೆ ಇದೆಯೇ ಎಂದು ಅಳೆಯುವ ಕಪಾರೋ ತೀರ್ಪಿನ ಮೂರು ಮೆಟ್ಟಿಲನ್ನು ಮತ್ತೆ ಹತ್ತಬೇಕಿಲ್ಲ ಅಂತ 2018ರ ರಾಬಿನ್ಸನ್ ತೀರ್ಪಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ಹೊಣೆಗೆ ಎರಡು ಸಾಲು ಸಾಕು.

ಚಾಲಕ ಇನ್ನೂ ಕಲಿಯುತ್ತಿದ್ದ, ಪಾಪ, ಅಂತ ರಿಯಾಯಿತಿ ಕೊಟ್ಟಿದ್ದೀಯ. ಕೊಡುವಂತಿಲ್ಲ. ನೆಟಲ್‌ಶಿಪ್ ತೀರ್ಪಿನ (1971) ಪ್ರಕಾರ ಕಲಿಯುವವನಿಗೂ ಪಳಗಿದ ಚಾಲಕನ ಅಳತೆಗೋಲೇ.

ನೀನು ನಿಜವಾಗಿ ಎಡವಿದ್ದು ಆಸ್ಪತ್ರೆಯ ಭಾಗದಲ್ಲಿ. ತಲೆಗೆ ಪೆಟ್ಟು ಬಿದ್ದವಳನ್ನು ಸ್ಕ್ಯಾನ್ ಮಾಡದೆ ಮನೆಗೆ ಕಳಿಸಿದರು. ನೀನು ಬೋಲಮ್ ತೀರ್ಪು (1957) ಬರೆದೆ, ಅಂದರೆ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಒಪ್ಪುವಂತೆ ನಡೆದುಕೊಂಡರೆ ವೈದ್ಯರದು ತಪ್ಪಲ್ಲ. ಅದಕ್ಕೆ ಬೊಲಿತೋ (1997) ಹಾಕಿದ ಕಡಿವಾಣವನ್ನೂ, ಅಂದರೆ ಆ ಅಭಿಪ್ರಾಯ ತರ್ಕಕ್ಕೆ ನಿಲ್ಲಬೇಕು ಎಂಬುದನ್ನೂ ಬರೆದೆ, ಚೆನ್ನಾಗಿದೆ. ಬೋಲಮ್ ಅನ್ನು ನಮ್ಮ ಸುಪ್ರೀಂ ಕೋರ್ಟೂ ಜೇಕಬ್ ಮ್ಯಾಥ್ಯೂ (2005) ಪ್ರಕರಣದಲ್ಲಿ ಒಪ್ಪಿಕೊಂಡಿದೆ, ಹಾಗಾಗಿ ನಿನಗದು ಹೊಸದಲ್ಲ. ಆದರೆ ‘ತಪ್ಪು ಮಾಡಿದರು, ಆದ್ದರಿಂದ ಪರಿಹಾರ ಕೊಡಬೇಕು’ ಅಂದುಬಿಟ್ಟೆ. ನಡುವಿನ ಮೆಟ್ಟಿಲನ್ನೇ ಹಾರಿದ್ದೀಯ: ನಷ್ಟಕ್ಕೆ ಆ ತಪ್ಪೇ ಕಾರಣವೇ?

ಬಾರ್ನೆಟ್ (1969) ಪ್ರಕರಣವನ್ನು ನಿಧಾನವಾಗಿ ಓದು. 1966ರ ಹೊಸ ವರ್ಷದ ಬೆಳಗಿನ ಜಾವ ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದರು, ವಾಂತಿ ಹತ್ತಿಕೊಂಡಿತು. ಸುಮಾರು ಎಂಟು ಗಂಟೆಗೆ ಆಸ್ಪತ್ರೆಗೆ ಬಂದರು. ನರ್ಸ್ ವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಎದ್ದು ಬಂದು ನೋಡಲಿಲ್ಲ, ಮನೆಗೆ ಹೋಗಿ ಅವರವರ ಡಾಕ್ಟರನ್ನು ಕರೆಸಿಕೊಳ್ಳಲಿ ಅಂದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ತೀರಿಕೊಂಡ. ಚಹಾದಲ್ಲಿ ಆರ್ಸೆನಿಕ್ ಇತ್ತು. ನೋಡದೆ ಕಳಿಸಿದ್ದು ತಪ್ಪೆಂದು ಕೋರ್ಟೇ ಹೇಳಿತು. ಆದರೂ ಹೆಂಡತಿಗೆ ಚಿಕ್ಕಾಸೂ ಸಿಗಲಿಲ್ಲ. ಏಕೆಂದರೆ ಅವನನ್ನು ದಾಖಲು ಮಾಡಿ, ಪರೀಕ್ಷೆ ಮಾಡಿ, ವಿಷವೆಂದು ಪತ್ತೆಹಚ್ಚಿ ಪ್ರತಿವಿಷ ಕೊಡುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ವೈದ್ಯರು ಬಂದು ನೋಡಿದ್ದರೂ ಅವನು ಉಳಿಯುತ್ತಿರಲಿಲ್ಲ. ‘ಬಟ್ ಫಾರ್’ ಪರೀಕ್ಷೆ ಅಂದರೆ ಇಷ್ಟೇ: ಆ ತಪ್ಪೊಂದನ್ನು ತೆಗೆದುಹಾಕಿ ನೋಡು, ಆಗಲೂ ನಷ್ಟ ಹಾಗೇ ಉಳಿಯುತ್ತದೆಯೇ?

ಹಾಟ್ಸನ್ ಪ್ರಕರಣ (1987) ಇನ್ನೂ ಕಹಿ. ಮರದಿಂದ ಬಿದ್ದ ಹದಿಮೂರರ ಹುಡುಗನ ಸೊಂಟದ ಗಾಯವನ್ನು ಆಸ್ಪತ್ರೆ ಐದು ದಿನ ಗುರುತಿಸಲಿಲ್ಲ. ಕೂಡಲೇ ಚಿಕಿತ್ಸೆ ಕೊಟ್ಟಿದ್ದರೂ ಊನವಾಗುವ ಸಂಭವ ಶೇ. 75 ಇತ್ತು. ಉಳಿದ 25ಕ್ಕೆ ತಕ್ಕಷ್ಟು ಹಣ ಕೊಟ್ಟ ಕೆಳಗಿನ ಕೋರ್ಟಿನ ತೀರ್ಪನ್ನು ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅಳಿಸಿತು. ತಪ್ಪಿಲ್ಲದಿದ್ದರೆ ನಷ್ಟ ತಪ್ಪುತ್ತಿದ್ದ ಸಂಭವ ಶೇ. 50 ದಾಟಿದರೆ ಪರಿಹಾರ ಪೂರ್ತಿ, ದಾಟದಿದ್ದರೆ ಸೊನ್ನೆ. ನನಗೆ ಈ ತೀರ್ಪು ಹಿಡಿಸುವುದಿಲ್ಲ, ಆದರೆ ಉತ್ತರದಲ್ಲಿ ಬರೆಯಬೇಕಾದ್ದು ಇದನ್ನೇ. ನಿನ್ನ ಪ್ರಶ್ನೆಯ ಮೂರನೇ ಪ್ಯಾರಾದಲ್ಲಿ ‘ಬೇಗ ಸ್ಕ್ಯಾನ್ ಮಾಡಿದ್ದರೆ ಚೇತರಿಸಿಕೊಳ್ಳುವ ಸಂಭವ ಶೇ. 40’ ಅಂತ ಸುಮ್ಮನೆ ಹಾಕಿಲ್ಲ. ಆ ಅಂಕಿಯನ್ನು ನೀನು ಮುಟ್ಟಿಯೇ ಇಲ್ಲ.

ಆದ ನಷ್ಟ ಪರಿಹಾರ ಕೊಡಲಾಗದಷ್ಟು ದೂರದ್ದೇ ಎಂಬ ಪ್ರಶ್ನೆಗೆ ವ್ಯಾಗನ್ ಮೌಂಡ್ ತೀರ್ಪು (1961) ಹೇಳಿ ಮುಂದೆ ಹೋಗು. ಯಾವ ಬಗೆಯ ಹಾನಿ ಎಂಬುದನ್ನು ಮುಂಗಾಣುವಂತಿದ್ದರೆ ಸಾಕು, ಅದು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನಲ್ಲ.

ಹೆಲ್ಮೆಟ್ ವಿಷಯ. ಅವಳು ಹಾಕಿರಲಿಲ್ಲ, ಆದ್ದರಿಂದ ಶೇ. 25 ಕಡಿತ ಅಂದಿದ್ದೀಯ. ಆ ಅಂಕಿ ಸೀಟ್ ಬೆಲ್ಟಿನದು, ಫ್ರೂಮ್ (1976) ತೀರ್ಪಿನದು: ಬೆಲ್ಟ್ ಹಾಕಿದ್ದರೆ ಗಾಯವೇ ಆಗುತ್ತಿರಲಿಲ್ಲ ಎಂದಾದರೆ 25, ಸಾಕಷ್ಟು ಕಮ್ಮಿ ಆಗುತ್ತಿತ್ತು ಎಂದಾದರೆ 15, ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದಾದರೆ ಕಡಿತವಿಲ್ಲ. ಸೈಕಲ್ ಹೆಲ್ಮೆಟ್ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ಆದರೂ ಇದೇ ತರ್ಕ ಅದಕ್ಕೂ ಅನ್ವಯಿಸಬಹುದೆಂದು ಸ್ಮಿತ್ ವಿರುದ್ಧ ಫಿಂಚ್ (2009) ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಹೇಳಿಯೂ ಒಂದು ಪೌಂಡನ್ನೂ ಕಡಿಯಲಿಲ್ಲ. ಹೆಲ್ಮೆಟ್ ಇದ್ದಿದ್ದರೆ ಗಾಯ ತಪ್ಪುತ್ತಿತ್ತೆಂದು ತೋರಿಸಬೇಕಾದವನು ಪ್ರತಿವಾದಿ, ಅವನಿಗೆ ಅದು ಆಗಲಿಲ್ಲ. ನೋಡು, ಇಲ್ಲೂ ಮತ್ತೆ ಅದೇ ಕಾರಣದ ಪ್ರಶ್ನೆ.

ಪ್ರಶ್ನೆಯಲ್ಲಿ ತಾರೀಖು ಕಂಡರೆ ಎಣಿಸು. ದೇಹಕ್ಕಾದ ಗಾಯಕ್ಕೆ ದಾವೆ ಹೂಡಲು ಅಲ್ಲಿನ 1980ರ ಲಿಮಿಟೇಶನ್ ಕಾಯ್ದೆಯಲ್ಲಿ ಮೂರು ವರ್ಷ, ಗಾಯವಾದ ದಿನದಿಂದ ಅಥವಾ ಅದು ತಿಳಿದುಬಂದ ದಿನದಿಂದ, ಯಾವುದು ಆಮೇಲಿನದೋ ಅಲ್ಲಿಂದ. ನಿನ್ನ ಸೈಕಲ್ ಹುಡುಗಿಗೆ ಹದಿನೇಳು. ಅವಳ ಮೂರು ವರ್ಷ ಶುರುವಾಗುವುದೇ ಹದಿನೆಂಟು ತುಂಬಿದ ಮೇಲೆ.

ತಿದ್ದಿ ಭಾನುವಾರದೊಳಗೆ ಕಳಿಸು. ಬಸವನಹುಳುವಿಗೆ ಒಂದೇ ಸಾಲು.

ನಿನ್ನ
ಅಮ್ಮ