ಹಳ್ಳಿ ದನಿಯ ರೆಕಾರ್ಡಿಂಗ್: ಕನ್ನಡದಲ್ಲಿ ಕಲಿಸಿ

ಮಾನ್ಯರೇ,

ಬ್ಯಾಡಗಿಯಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ಕೊರೊನಾ ಬಂದಾಗ ಮದುವೆ, ಜಾತ್ರೆ ಎಲ್ಲ ನಿಂತವು. ಆಗ ಹಳೇ ಲ್ಯಾಪ್‌ಟಾಪಿಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡು ರೆಕಾರ್ಡಿಂಗ್ ಕಲಿಯಲು ಕುಳಿತೆ. ಈಗ ಸುತ್ತಲಿನ ಹಳ್ಳಿಗಳ ಭಜನಾ ಮೇಳಗಳಿಗೆ ಹಾಡು ರೆಕಾರ್ಡ್ ಮಾಡಿಕೊಡುತ್ತೇನೆ.

ಪಕ್ಕದ ಹಳ್ಳಿಯ ಅಜ್ಜರೊಬ್ಬರು ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಹೋದ ತಿಂಗಳು ಮೊಮ್ಮಕ್ಕಳು ಅವರನ್ನು ದೊಡ್ಡ ಊರಿನ ಒಂದು ಸ್ಟುಡಿಯೋಗೆ ಕರೆದೊಯ್ದು ಹಾಡಿಸಿದರು. ತಯಾರಾದ ಹಾಡನ್ನು ನನ್ನ ಅಂಗಡಿಯಲ್ಲೇ ಹಚ್ಚಿ ಕೇಳಿದರು. ಅಜ್ಜ ಅರ್ಧಕ್ಕೇ ಕೈ ಎತ್ತಿ, "ಇದು ನನ್ನ ದನಿ ಅಲ್ಲಪ್ಪಾ" ಅಂದರು.

ನಿಜ. ಅದಕ್ಕೆ ಆಟೋಟ್ಯೂನ್ ಎಂಬ ಶ್ರುತಿ ತಿದ್ದುವ ಸಾಫ್ಟ್‌ವೇರ್ ಹಾಕಿದ್ದರು. ಅದು ದನಿಯನ್ನು 12 ಸ್ವರಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂಡಿಸುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವುದೇ ಅಜ್ಜನ ಹಾಡು. ಆ ಜಾರನ್ನು ಸಾಫ್ಟ್‌ವೇರ್ ತಪ್ಪೆಂದು ತಿಳಿದು ಮೆಟ್ಟಿಲು ಮಾಡಿಬಿಟ್ಟಿತ್ತು. ಏಕತಾರಿಯ ಝೇಂಕಾರವೂ ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್‌ನಲ್ಲಿ ಒರೆಸಿಹೋಗಿತ್ತು.

ಹಾಗೆ ಮಾಡಿದ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ? ನಾನು ನೋಡಿ ಕಲಿತ ವಿಡಿಯೋಗಳೂ ಇಂಗ್ಲಿಷಿನವು, ಹಿಂದಿಯವು. ಅವುಗಳಲ್ಲಿ ಗಿಟಾರ್, ಡ್ರಮ್ಸ್, ಲಯ ತಪ್ಪದಂತೆ ಕಿವಿಯಲ್ಲಿ ಒಂದೇ ಸಮ ಟಕ್‌ಟಕ್ ಎನ್ನುವ ಕ್ಲಿಕ್ ಟ್ರ್ಯಾಕ್. ನಮ್ಮ ಭಜನೆ ನಿಧಾನಕ್ಕೆ ಶುರುವಾಗಿ ಕೊನೆಗೆ ಓಡುತ್ತದೆ, ಅಲ್ವಾ? ಕಿವಿಗೆ ಕ್ಲಿಕ್ ಕೊಟ್ಟರೆ ಮೇಳದವರಿಗೆ ಹಾಡಲಿಕ್ಕೇ ಆಗುವುದಿಲ್ಲ. ಒಂದು ಟೇಕಿನ, ಅಂದರೆ ಒಂದು ಸಲ ಹಾಡಿದ್ದರ, ಮೊದಲ ನುಡಿಗೆ ಇನ್ನೊಂದು ಟೇಕಿನ ಕೊನೆಯ ನುಡಿ ಹಚ್ಚಿದರೆ ಲಯ ಕೂಡುವುದಿಲ್ಲ. ಬಿಸಿಲೇರಿದಂತೆ ತಂತಿ ಸಡಿಲವಾಗಿ ಶ್ರುತಿಯೂ ಇಳಿದಿರುತ್ತದೆ. ಅದಕ್ಕೇ ಈಗ ಒಂದೇ ಕೂರಿಕೆಯಲ್ಲಿ ಮೂರು ಸಲ ಹಾಡಿಸುತ್ತೇನೆ. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಕತ್ತರಿಸಿ, ಒಂದು ದನಿ ಇಳಿಯುತ್ತ ಇನ್ನೊಂದು ಏರುವಂತೆ ಸಣ್ಣ ಕ್ರಾಸ್‌ಫೇಡ್ ಕೊಟ್ಟು ಜೋಡಿಸುತ್ತೇನೆ. ಉಸಿರನ್ನು ಅಳಿಸುವುದಿಲ್ಲ.

ತಾಳದ ಏಟು ಬಲು ಚೂಪು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸು ಇಟ್ಟರೆ ಸಾಕು. ಮೀಟರಿನ ತುದಿಯಾದ ಸೊನ್ನೆ ಮುಟ್ಟಿ ದನಿ ಒಡೆದರೆ ಆಮೇಲೆ ಮೊದಲಿನಂತೆ ಮಾಡಲಾಗದು. ಜೋರು ಸದ್ದನ್ನು ಒತ್ತಿ ಸಮ ಮಾಡುವ ಕಂಪ್ರೆಸರ್‌ನ ಅಟ್ಯಾಕ್ (ಎಷ್ಟು ಬೇಗ ಒತ್ತಬೇಕೆಂಬ ಅಳತೆ) 1 ಮಿಲಿಸೆಕೆಂಡಿಗೆ ಇಟ್ಟಾಗ ದಮ್ಮಡಿಯ ಏಟೇ ಮಾಯವಾಯಿತು. 30ಕ್ಕೆ ಇಟ್ಟಾಗ ಉಳಿಯಿತು. ಇಷ್ಟು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ತೋರಿಸುವವರಿದ್ದರೆ ವಾರದ ಕೆಲಸ.

ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಹಳ್ಳಿ ದನಿಗಳನ್ನು ದಶಕಗಳಿಂದ ರೆಕಾರ್ಡ್ ಮಾಡಿದ ಧಾರವಾಡ ಆಕಾಶವಾಣಿಯೂ ದೂರವಿಲ್ಲ. ಇಬ್ಬರೂ ಸೇರಿ ವರ್ಷಕ್ಕೊಮ್ಮೆ ಹತ್ತು ದಿನದ ಕಮ್ಮಟ ನಡೆಸಲಿ. ಡಿಗ್ರಿ ಕೇಳಬೇಡಿ. ನಮ್ಮ ಲ್ಯಾಪ್‌ಟಾಪ್ ನಾವೇ ತರುತ್ತೇವೆ. ಹಾಡುಗಾರರನ್ನೂ ಕರೆದು, ಮಿಕ್ಸ್ ಆದ ಮೇಲೆ ಅವರಿಗೇ ಮೊದಲು ಕೇಳಿಸಿ, ಅವರು ಹೇಳಿದಂತೆ ತಿದ್ದುವುದನ್ನು ಕಲಿಸಿ.

ಅಜ್ಜನ ಹಾಡುಗಳನ್ನು ಈಗ ನಾನೇ ಮತ್ತೆ ರೆಕಾರ್ಡ್ ಮಾಡುತ್ತಿದ್ದೇನೆ. 11 ಪದ ಮುಗಿದಿವೆ. ಅವರಿಗೆ ಬರುವ ಪದ ನೂರಕ್ಕೂ ಜಾಸ್ತಿ.

– ಮೈಕ್ ಸೆಟ್ ಅಂಗಡಿಯವ, ಬ್ಯಾಡಗಿ